ಕಾಡಂಚಿನ ಊಟ

ಮಕ್ಕಳೇ, ಜರ್ಮನಿಯ ಕಾಡುಗಳಲ್ಲಿ ನಡೆದು ದಣಿದವರಿಗೆ ಅಲ್ಲಲ್ಲಿ ಮರದ ಊಟದ ಮನೆಗಳಿವೆ. ಉದ್ದನೆಯ ಬೆಂಚಿನಲ್ಲಿ ಗುರುತಿಲ್ಲದವರೂ ಒಟ್ಟಿಗೆ ಕುಳಿತು ಉಣ್ಣುತ್ತಾರೆ. ಆ ನಾಡಿನ ಕಪ್ಪು ಬ್ರೆಡ್ಡು ರೈ ಎಂಬ ಧಾನ್ಯದ್ದು. ಚಳಿಯನ್ನೂ ಸಾರವಿಲ್ಲದ ಮಣ್ಣನ್ನೂ ತಾಳಿಕೊಂಡು ಬೆಳೆಯುವ ಗಟ್ಟಿ ಧಾನ್ಯ ಅದು.

ಅಂಥ ಊಟ ನಮ್ಮಲ್ಲೂ ಉಂಟು. ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿಗೆ ಬನ್ನಿ. ಮಹಾಲಕ್ಷ್ಮಿಯ ದರ್ಶನ ಮುಗಿಸಿ ದಾಸೋಹದ ಪಂಕ್ತಿಯಲ್ಲಿ ಕುಳಿತರೆ ಪಕ್ಕದವರು ಯಾವ ಊರಿನವರೋ! ಹತ್ತಿರದಲ್ಲೇ ತೀತಾ ಜಲಾಶಯ. ಅದನ್ನು ತುಂಬಿಸುವ ಜಯಮಂಗಲಿ ನದಿ ಹುಟ್ಟುವುದು ದೇವರಾಯನದುರ್ಗದ ಕಾಡಿನಲ್ಲಿ.

ಇಲ್ಲಿಯ ಗಟ್ಟಿ ಧಾನ್ಯ ರಾಗಿ. ಕಡಿಮೆ ಮಳೆಯಲ್ಲೂ ಬೆಳೆಯುತ್ತದೆ, ಹುಳು ಹಿಡಿಯದೆ ವರ್ಷಗಟ್ಟಲೆ ಉಳಿಯುತ್ತದೆ. ಹಿಂದೆ ನೆಲದೊಳಗೆ ಹಗೇವು ತೋಡಿ ರಾಗಿ ತುಂಬಿಡುತ್ತಿದ್ದರು. ಬರ ಬಂದರೆ ಮನೆಮಂದಿಯ ಹೊಟ್ಟೆ ಕಾಯುತ್ತಿದ್ದುದು ಅದೇ. ಬಿಸಿ ಮುದ್ದೆಗೆ ಹುರುಳಿಕಾಳಿನ ಬಸ್ಸಾರು ಜೋಡಿ. ಮುದ್ದೆಯನ್ನು ಅಗಿಯಬಾರದು; ಸಣ್ಣ ತುತ್ತು ಮುರಿದು, ಸಾರಿನಲ್ಲಿ ಅದ್ದಿ ನುಂಗಬೇಕು.

ಉಣ್ಣುವ ಎಲೆಯನ್ನೂ ಕಾಡೇ ಕೊಡುತ್ತಿತ್ತು. ಮುತ್ತುಗದ ಎಲೆಗಳನ್ನು ಸಣ್ಣ ಕಡ್ಡಿಗಳಿಂದ ಹೊಲಿದರೆ ಇಸ್ತ್ರಿ ಎಲೆ ಸಿದ್ಧ. ಉಂಡು ತಿಪ್ಪೆಗೆ ಹಾಕಿದರೆ ಗೊಬ್ಬರ. ನೀರಿನ ದಡದಲ್ಲಿ ನಾವು ಬಿಟ್ಟು ಬರುವ ಪ್ಲಾಸ್ಟಿಕ್ ತಟ್ಟೆ ಹಾಗೆ ಮಣ್ಣಾಗುವುದಿಲ್ಲ.

ಎಲೆ ಹೊಲಿಯಲು ಬಲ್ಲ ಕೈಗಳು ಈಗ ಹೆಚ್ಚಾಗಿ ಅಜ್ಜಿ ತಾತಂದಿರವು. ಹಿರಿಯರೇ, ಈ ರಜೆಯಲ್ಲಿ ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೇ ಒಂದು ಎಲೆ ಹೊಲಿಸಿ. ಮಕ್ಕಳೇ, ಮೊದಲ ತುತ್ತು ಅದರಲ್ಲೇ ಆಗಲಿ.