ಅಪ್ಪನ ಹೆಸರು ತಪ್ಪಾಗಿ ಅಚ್ಚಾದ ಪುಸ್ತಕ



ನನ್ನ ಮೊದಲ ಕವನ ಸಂಕಲನ ದುಡ್ಡು ಕೊಟ್ಟು ಮಾಡಿಸಿದ್ದು. ಇಷ್ಟು ದಿನ "ಪ್ರಕಾಶಕರೇ ಕೇಳಿ ಮಾಡಿದ್ರು" ಅಂತ ಸುಳ್ಳು ಹೇಳ್ಕೊಂಡು ತಿರುಗಿದೆ. ಮೊನ್ನೆ ಕಂಪ್ಲಿಯ ಹುಡುಗನೊಬ್ಬ ಕವಿತೆಯ ನೋಟ್‌ಬುಕ್ ಹಿಡ್ಕೊಂಡು ಹೊಸಪೇಟೆಗೆ ಬಂದಿದ್ದ. "ಅಣ್ಣಾ, 30 ಸಾವಿರ ಕೇಳ್ತಾರ. ಕೊಡ್ಲಾ?" ಅಂದ. ಅದಕ್ಕೇ ಇವತ್ತು ನಿಜ ಹೇಳ್ತಿದ್ದೀನಿ.

ನಾನು ಕೊಟ್ಟದ್ದೂ ಅಷ್ಟೇ. ತೀರಿಹೋದ ನಮ್ಮಪ್ಪ ಸಂಡೂರಿನ ಗಣಿಯಲ್ಲಿ ಅದಿರು ಒಡೆದವನು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿ ನಿಲ್ಲಿಸಿದಾಗ ಧಣಿಗಳ ಸುದ್ದಿ ದಿನಾ ಪೇಪರಲ್ಲಿ ಓದಿದೆ, ಅಪ್ಪನಂಥವರದು ಕಾಣಲಿಲ್ಲ. ಅದನ್ನೇ ಕವಿತೆ ಮಾಡಿದ್ದೆ. ಅವ್ವ ಬೆಂಡೋಲೆ ಒತ್ತೆ ಇಟ್ಟು ದುಡ್ಡು ತಂದಳು. "ನಿಮ್ಮಪ್ಪನ ಹೆಸ್ರು ಬುಕ್ಕಿನಾಗ ಬರ್ತೈತೇನಪ್ಪಾ?" ಅಂತಷ್ಟೇ ಕೇಳಿದ್ಲು.

ಮಾತಾಡಿದ್ದು 500 ಪ್ರತಿ, ಕೈಗೆ ಬಂದದ್ದು 100. ಉಳಿದವು ಅಂಗಡಿಗಳಿಗೆ ಹೋಗಿವೆ ಅಂದ್ರು. ಯಾವ ಅಂಗಡಿಯಲ್ಲೂ ಕಾಣಲಿಲ್ಲ. ರಸೀದಿ ಇಲ್ಲ, ಕರಾರುಪತ್ರ ಇಲ್ಲ. ಕರಡನ್ನೂ ಯಾರೂ ತಿದ್ದಿರಲಿಲ್ಲ. ಅರ್ಪಣೆಯ ಪುಟದಲ್ಲಿ ಅಪ್ಪನ ಹೆಸರೇ ತಪ್ಪು! ಅವ್ವಗ ಓದಾಕ ಬರಲ್ಲ. ಆ ಪುಟ ಸವರಿ ಕಣ್ಣಿಗೆ ಒತ್ಕೊಂಡ್ಲು. ನಾನು ಬಾಯಿ ಬಿಡಲಿಲ್ಲ.

ದುಡ್ಡು ಹಾಕಿದ್ದು ನಾಚಿಕೆಯಲ್ಲ. 1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ಬಾಬಾಸಾಹೇಬರ ಭಾಷಣದ ಪ್ರತಿ ಓದಿ, ಹೆದರಿ, ಸಮ್ಮೇಳನವನ್ನೇ ರದ್ದು ಮಾಡಿತು. ಅವರು ಆ ಭಾಷಣವನ್ನು ಸ್ವಂತ ಖರ್ಚಲ್ಲಿ 1,500 ಪ್ರತಿ ಅಚ್ಚು ಹಾಕಿಸಿದ್ರು. ಎರಡೇ ತಿಂಗಳಲ್ಲಿ ಖಾಲಿ. ಅದೇ ಇವತ್ತು ನಾವು ಓದುವ 'ಜಾತಿ ವಿನಾಶ'. ಅವರು ದುಡ್ಡು ಹಾಕಿದ್ದು ಮಾತು ಜನಕ್ಕೆ ಮುಟ್ಟಲಿ ಅಂತ. ನಾನು ಹಾಕಿದ್ದು "ದೊಡ್ಡವರು ನನ್ನ ಒಪ್ಪಿದ್ರು" ಅಂತ ತೋರಿಸಿಕೊಳ್ಳೋಕೆ. ನಾಚಿಕೆ ಇರೋದು ಅಲ್ಲಿ.

ಹುಡುಗನಿಗೆ ಹೇಳಿದೆ: ತಮ್ಮಾ, ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತೆ. ಅರ್ಜಿ ಕರೆದಾಗ ಮೊದಲು ಅಲ್ಲಿಗೆ ಹಾಕು. ಸಿಗದಿದ್ರೆ ನಾವೇ ಪ್ರೆಸ್ಸಿಗೆ ಹೋಗೋಣ. 200 ಪ್ರತಿ ಸಾಕು. ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ಓದೋ ನಮ್ಮ ಹುಡುಗರು ಕರಡು ತಿದ್ದಿಕೊಡ್ತಾರೆ. ಪ್ರತಿ ಎಷ್ಟು, ರೇಟು ಎಷ್ಟು, ಹಕ್ಕು ಯಾರದು, ಎಲ್ಲಾ ಕಾಗದದ ಮೇಲೆ ಇರಲಿ. ಬಿಡುಗಡೆ ನಿಮ್ಮ ಕೇರಿಯಲ್ಲೇ ಆಗಲಿ, ನಿಮ್ಮವ್ವನ ಕೈಯಿಂದ.

ನನ್ನ ಹತ್ರ ಇನ್ನೂ 60 ಪ್ರತಿ ಐತಿ. ಎಲ್ಲದರಲ್ಲೂ ಅಪ್ಪನ ಹೆಸರು ಪೆನ್ನಲ್ಲಿ ತಿದ್ದೀನಿ. ಬೇಕಾದವರು ಇನ್‌ಬಾಕ್ಸಿಗೆ ಬರ್ರಿ.

ಜೈಭೀಮ್.