ಎಣ್ಣೆ ಹಚ್ಚದ ತಲೆ

ಮಿದುಳಿನ ಸಂಶೋಧನೆಗೆ ಸೇರುವವನ ತಲೆಯೊಳಗೆ ಏನಿರಬೇಕೆಂದು ಯಾರೂ ಕೇಳಲಿಲ್ಲ. ತಲೆಯ ಮೇಲೆ ಏನಿರಬಾರದು ಎಂಬುದನ್ನು ಮಾತ್ರ ಮೊದಲೇ ತಿಳಿಸಿದರು. ಎಣ್ಣೆ ಇರಬಾರದು. ಎಣ್ಣೆಗೂದಲಾದರೆ ಮಿದುಳಿನ ಅಲೆ ಹಿಡಿಯುವ ಇಇಜಿ ಟೋಪಿಯ ಎಲೆಕ್ಟ್ರೋಡು ಚರ್ಮಕ್ಕೆ ಸರಿಯಾಗಿ ತಾಗುವುದಿಲ್ಲ. ಕೊಬ್ಬರಿ ಎಣ್ಣೆ ತಟ್ಟಿದಷ್ಟೂ ಬುದ್ಧಿ ಚುರುಕು ಎಂದು ನಂಬಿ ನನ್ನನ್ನು ಬೆಳೆಸಿದ ಅಮ್ಮನಿಗೆ ಫೋನಿನಲ್ಲಿ ಇದನ್ನು ಹೇಳಿದೆ. "ತಲೆಗೆ ಎಣ್ಣೆ ಹಾಕ್ಬೇಡ ಅನ್ನೋರು ತಲೆ ವಿಚಾರ ಎಂತ ಕಲಿಸ್ತಾರೆ ಮಾರಾಯ?" ಅಂದಳು.

ಬೆಂಗಳೂರಿನ ಆ ಪ್ರಯೋಗಾಲಯವೂ ಹೊಸದು, ನಾನೂ ಹೊಸಬ. ಕಂಪ್ಯೂಟರುಗಳು ಬಂದಿದ್ದವು, ಕುರ್ಚಿಗಳು ಇನ್ನೂ ಬರಬೇಕಿತ್ತು. ಒಬ್ಬರು ಭೌತಶಾಸ್ತ್ರದವರು, ಒಬ್ಬರು ಗಣಿತದವರು, ಮತ್ತೊಬ್ಬರು ಎಂಜಿನಿಯರಿಂಗ್ ಬಿಟ್ಟು ಬಂದವರು. ಅರಿವಿನ ಅಧ್ಯಯನವೆಂದು ಸೇರಿದವನ ಕಿವಿಗೆ ಮನಸ್ಸು ಎಂಬ ಮಾತೇ ಬೀಳಲಿಲ್ಲ. ಟಾಸ್ಕ್, ಟ್ರಯಲ್, ಕೋಡ್, ಮಧ್ಯೆ ಚಹಾ. ಪ್ರಯೋಗಕ್ಕೆ ಕೂರಲು ಹೊರಗಿನವರು ಸಿಗುವ ತನಕ ಹೊಸಬರ ತಲೆಯೇ ಗತಿ.

ಕೆಲಸ ಸುಲಭದ್ದು. ಪರದೆಯ ಮೇಲೆ ಚುಕ್ಕೆಗಳು ಮೆಜೆಸ್ಟಿಕ್ಕಿನ ಜನದಂತೆ ದಿಕ್ಕೆಟ್ಟು ಓಡಾಡುತ್ತವೆ. ಅವುಗಳಲ್ಲಿ ಕೆಲವು ಮಾತ್ರ ಒಟ್ಟಾಗಿ ಎಡಕ್ಕೋ ಬಲಕ್ಕೋ ಸಾಗುತ್ತವೆ. ಯಾವ ಕಡೆ ಎಂದು ಗುಂಡಿ ಒತ್ತಬೇಕು. ನಿರ್ಧಾರ ಆಗುವ ಬಗೆಗೆ ರೋಜರ್ ರ‍್ಯಾಟ್‌ಕ್ಲಿಫ್ 1978ರಲ್ಲಿ ಒಂದು ಗಣಿತ ಕೊಟ್ಟಿದ್ದಾರೆ: ಸಾಕ್ಷ್ಯ ಚೂರುಚೂರಾಗಿ ಸೇರುತ್ತಾ, ಅತ್ತಿತ್ತ ಓಲಾಡುತ್ತಾ, ಒಂದು ಗೆರೆ ಮುಟ್ಟಿದ ಕ್ಷಣ ತೀರ್ಮಾನ. ಎಲ್ಲ ಒಂದೆರಡು ಸೆಕೆಂಡಿನ ವ್ಯವಹಾರ. ವರ್ಷಗಟ್ಟಲೆ ಹೆಣ್ಣು ನೋಡುತ್ತಲೇ ಇರುವ ನಮ್ಮ ಸೋದರಮಾವನ ಗೆರೆ ಎಲ್ಲಿದೆಯೆಂದು ಕೇಳುವ ಮನಸ್ಸಾಯಿತು. ಪ್ರಯೋಗಾಲಯದ ಮೇಡಮ್ ಗಂಭೀರವಾಗಿದ್ದರು, ಸುಮ್ಮನಾದೆ.

ನಿಜವಾದ ಬೆರಗು ಲೆಕ್ಕ ಹಾಕಲು ಕೂತಾಗ ಆಯಿತು. ಚುಕ್ಕೆ ಕಂಡದ್ದಕ್ಕೆ ಮಿದುಳು ಕೊಡುವ ಉತ್ತರ ಕೆಲವೇ ಮೈಕ್ರೋವೋಲ್ಟು. ಅದರ ಸುತ್ತಲಿನ ಗದ್ದಲ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಹಾಗಾಗಿ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸಿ ಸರಾಸರಿ ತೆಗೆಯುತ್ತಾರೆ. ನೂರು ಸಲ ಮಾಡಿಸಿದರೆ ಗದ್ದಲ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಉಳಿಯುವುದು ಚುಕ್ಕೆಗೆ ಕೊಟ್ಟ ಉತ್ತರ. ಈ ಸಲ ಕೊಳೆರೋಗಕ್ಕೆ ಅಡಿಕೆ ಎಷ್ಟು ಉದುರಿತೋ, ಅಮ್ಮನ ಮಂಡಿನೋವು ಹೇಗಿದೆಯೋ ಎಂದು ಆ ಪರದೆಯ ಮುಂದೆ ಕೂತು ಯೋಚಿಸಿದ್ದೆಲ್ಲ ಗದ್ದಲದ ಖಾತೆಗೆ. "ಇಲ್ಲಿ ಕಣ್ಣು ಮಿಟುಕಿಸಿದ್ದೀಯ, ತೆಗಿ. ಇಲ್ಲಿ ಹಲ್ಲು ಕಚ್ಚಿದ್ದೀಯ, ಇದನ್ನೂ ತೆಗಿ" ಎಂದು ಸೀನಿಯರ್ ಹೇಳುತ್ತಾ ಹೋದರು. ನನ್ನನ್ನು ನಾನೇ ಸೋಸಿ ಚೆಲ್ಲಿದೆ. ಕೊನೆಗೆ ಉಳಿದ ಗೆರೆ ಬಹಳ ಚೊಕ್ಕವಾಗಿತ್ತು, ಯಾರದ್ದೂ ಆಗಬಹುದಾಗಿತ್ತು.

ಈ ಇಇಜಿ ಯಂತ್ರದ ಹುಟ್ಟಿಗೆ ಕಾರಣವಾದದ್ದು ಮಾತ್ರ ಇಂಥದೇ ಒಂದು ಮನೆಯ ಯೋಚನೆ. ಜರ್ಮನಿಯ ಹಾನ್ಸ್ ಬರ್ಗರ್ ಸೈನ್ಯದಲ್ಲಿದ್ದಾಗ ಕುದುರೆಯಿಂದ ಬಿದ್ದು ಸ್ವಲ್ಪದರಲ್ಲಿ ಬದುಕಿಕೊಂಡ. ಅದೇ ದಿನ ಊರಲ್ಲಿ ಅವನಕ್ಕ ತಮ್ಮನಿಗೇನೋ ಆಗಿದೆಯೆಂದು ಹಟ ಹಿಡಿದು ಅಪ್ಪನಿಂದ ತಂತಿ ಹೊಡೆಸಿದ್ದಳು. ಅಕ್ಕನಿಗೆ ಹೇಗೆ ಗೊತ್ತಾಯಿತು ಎಂಬ ಪ್ರಶ್ನೆ ಬೆನ್ನುಹತ್ತಿ ಅವನು ಮನೋವೈದ್ಯನಾದ, 1924ರಲ್ಲಿ ಮನುಷ್ಯನ ಮಿದುಳಿನ ಅಲೆಗಳನ್ನು ಮೊದಲ ಸಲ ದಾಖಲಿಸಿದ, 1929ರಲ್ಲಿ ಪ್ರಕಟಿಸಿದ. ಕಣ್ಣು ಮುಚ್ಚಿದರೆ ಸೆಕೆಂಡಿಗೆ ಹತ್ತರಂತೆ ಏಳುವ ಅಲೆಗಳು ಸಿಕ್ಕವು. ಅಕ್ಕನ ಸುದ್ದಿ ಸಿಗಲಿಲ್ಲ.

ಈಗೀಗ ಅಲೆಯುವ ಮನಸ್ಸನ್ನೇ ಅಳೆಯುವ ಪ್ರಯೋಗಗಳೂ ನಡೆಯುತ್ತಿವೆ. ಕೆಲಸದ ನಡುವೆ ತಟ್ಟನೆ ನಿಲ್ಲಿಸಿ, ಈಗ ಏನು ಯೋಚಿಸುತ್ತಿದ್ದಿರಿ ಎಂದು ಕೇಳುತ್ತಾರೆ. ನಮ್ಮಲ್ಲೂ ಅದನ್ನು ಶುರುಮಾಡೋಣವೆಂದು ಮೇಡಮ್ ಹೇಳಿದಾಗ, ಇನ್ನಾದರೂ ನಮ್ಮ ತೋಟಕ್ಕೆ ವಿಜ್ಞಾನದಲ್ಲಿ ಜಾಗ ಸಿಕ್ಕಿತೆಂದು ಖುಷಿಯಿಂದ ಟೋಪಿ ಹಾಕಿಸಿಕೊಂಡೆ. ಆದರೆ ಅಲೆಯಲು ಅಪ್ಪಣೆ ಸಿಕ್ಕ ಮನಸ್ಸು ಎಲ್ಲಿಗೂ ಹೊರಡಲೊಲ್ಲದು. ಕೇಳಿದಾಗಲೆಲ್ಲ ಒಂದೇ ಉತ್ತರ: ಚುಕ್ಕೆ ನೋಡುತ್ತಿದ್ದೆ.