ಭೀಮಸಮುದ್ರದಲ್ಲಿ ಒಂದು ಹವಾನಾ ಚುಟ್ಟ

ಚಿತ್ರದುರ್ಗ ತಾಲ್ಲೂಕಿನ ಭೀಮಸಮುದ್ರವು ತನ್ನ ದೊಡ್ಡ ಕೆರೆಯಿಂದಲೂ ಅಡಿಕೆಯ ವ್ಯಾಪಾರದಿಂದಲೂ ಹೆಸರುಗೊಂಡ ಊರು. ಕಳೆದ ಮಾಘಮಾಸದಲ್ಲಿ ನಾವು ಅಲ್ಲಿಗೆ ಹೋಗಿದ್ದೆವು. ಹಿಂದೆ ನಮ್ಮಲ್ಲಿ ಓದಿ, ಈಗ ಅಡಿಕೆಯ ಖೇಣಿ ಹಿಡಿದು ಅನುಕೂಲವಾಗಿರುವ ಶಿಷ್ಯನೊಬ್ಬನು ಬಹುಕಾಲದಿಂದ ಕರೆಯುತ್ತಿದ್ದನು.

ಸಾಯಂಕಾಲ ಕೆರೆಯ ಏರಿಯ ಮೇಲೆ ಕುಳಿತಿದ್ದಾಗ ಅವನು ಮರದ ಸಣ್ಣ ಪೆಟ್ಟಿಗೆಯೊಂದನ್ನು ನಮ್ಮ ಕೈಯಲ್ಲಿಟ್ಟನು.

“ಮೇಷ್ಟ್ರೇ, ಭೂಗೋಳದ ಪಾಠದಲ್ಲಿ ಕ್ಯೂಬಾ ದ್ವೀಪ ಬಂದಾಗ, ಹವಾನಾ ಚುಟ್ಟಕ್ಕೆ ಸಮನಾದದ್ದು ಲೋಕದಲ್ಲೇ ಇಲ್ಲವಂತೆ, ಒಮ್ಮೆ ನೋಡಬೇಕು ಅಂದಿದ್ದಿರಿ. ನಮ್ಮ ಹುಡುಗ ಹೊರದೇಶದಿಂದ ತಂದ. ಎರಡು ವರ್ಷದಿಂದ ನಿಮಗೇ ಅಂತ ಅಟ್ಟದ ಮೇಲೆ ಜೋಪಾನವಾಗಿ ಇಟ್ಟಿದ್ದೀನಿ.”

ನಾವು ಆ ಮಾತನ್ನು ಮರೆತೇ ಬಿಟ್ಟಿದ್ದೆವು, ಅವನು ಮರೆತಿರಲಿಲ್ಲ. ಅದರ ಬೆಲೆಯನ್ನು ಕೇಳಿದಾಗ ನಮಗೆ ಮನೆಯ ತಿಂಗಳ ಹಾಲಿನ ಲೆಕ್ಕವು ನೆನಪಾಯಿತು.

ಚರಕಸಂಹಿತೆಯಲ್ಲಿಯೂ ಧೂಮವರ್ತಿಯ ಪ್ರಸ್ತಾಪವುಂಟು. ಆದರೆ ಅದು ಗಂಧದ್ರವ್ಯ ಮೂಲಿಕೆಗಳಿಂದ ಮಾಡಿದುದು. ಹೊಗೆಸೊಪ್ಪಾದರೋ ಅಮೆರಿಕಾ ಖಂಡದ ಸಸ್ಯ. ಪೋರ್ಚುಗೀಸರ ಮೂಲಕ ಈ ದೇಶಕ್ಕೆ ಬಂದಿತು. ನಮ್ಮ ನಾಡಿನಲ್ಲಿ ನಿಪ್ಪಾಣಿಯ ಸೊಪ್ಪು ಬೀಡಿಗೂ ಹುಣಸೂರು, ಪಿರಿಯಾಪಟ್ಟಣಗಳ ಸೊಪ್ಪು ಸಿಗರೇಟಿಗೂ ಹೋಗುವುವು. ಚುಟ್ಟಕ್ಕೆ ತಿರುಚಿನಾಪಳ್ಳಿ, ದಿಂಡಿಗಲ್ಲುಗಳು ಹೆಸರಾಗಿದ್ದುವು. ಹವಾನಾ ಚುಟ್ಟದಲ್ಲಿ ಒಳಗೆ ತುಂಬುವ ಎಲೆ, ಅದನ್ನು ಬಿಗಿಯುವ ಎಲೆ, ಮೇಲೆ ಹೊದಿಸುವ ಎಲೆ, ಹೀಗೆ ಮೂರು ಬಗೆಯ ಎಲೆಗಳನ್ನು ಕೈಯಿಂದಲೇ ಸುತ್ತುವರು.

ಚುಟ್ಟ ಬಿಟ್ಟು ಹತ್ತು ವರ್ಷಗಳಾಗಿದ್ದರೂ ಶಿಷ್ಯನ ಪ್ರೀತಿಯನ್ನು ಮೀರಲಾರದೆ ತೆಗೆದುಕೊಂಡೆವು. ಬೆರಳು ಸೋಕಿದೊಡನೆ ಮೇಲಿನ ಎಲೆಯು ಹಪ್ಪಳದಂತೆ ಬಿರಿಯಿತು. ಹೊತ್ತಿಕೊಂಡದ್ದು ಒಣಹುಲ್ಲಿನಂತೆ ಉರಿಯತೊಡಗಿತು. ಪರಿಮಳವೆಲ್ಲಿ! ಬಾಯಿಗೆ ಬಂದುದು ಬಿಸಿ, ಕಹಿ, ಘಾಟು. ಕೆಮ್ಮಿನೊಡನೆ ಬೂದಿಯು ಧೋತರದ ಮೇಲೆ ಉದುರಿತು.

“ಹೇಗಿದೆ ಮೇಷ್ಟ್ರೇ?”

“ಬಹಳ ಚೆನ್ನಾಗಿದೆಯಪ್ಪ” ಎಂದೆವು.

ಮೂವತ್ತು ವರ್ಷಗಳ ಕಾಲ ಮಕ್ಕಳಿಗೆ ‘ಸತ್ಯಂ ವದ’ ಎಂದು ಹೇಳಿಕೊಟ್ಟ ಬಾಯಿ ಅದು! ರಾತ್ರಿ ನಿದ್ರೆ ಹತ್ತಲಿಲ್ಲ.

ಬೆಳಗ್ಗೆ ಅಂಗಳದಲ್ಲಿ ಸುಲಿದು ಬೇಯಿಸಿ ಹರಡಿದ್ದ ಅಡಿಕೆಯನ್ನು ಅವನು ತೋರಿಸಿದನು. ಒಂದನ್ನು ಕತ್ತರಿಸಿ, “ಇನ್ನೂ ಬಿಸಿಲು ಬೇಕು. ತೇವ ಉಳಿದರೆ ಬೂಷ್ಟು ಹಿಡಿದು ಮಾಲೇ ಹೋಗುತ್ತೆ” ಎಂದನು. ಆಗ ನಮಗೆ ಕಾರಣವು ಹೊಳೆಯಿತು. ಹವಾನಾ ಚುಟ್ಟವನ್ನು ನೂರಕ್ಕೆ ಎಪ್ಪತ್ತರಷ್ಟು ತೇವವಿರುವ ಗಾಳಿಯಲ್ಲಿ ಇಡಬೇಕೆಂದು ಬಲ್ಲವರು ಹೇಳುವರು. ಅಡಿಕೆಗೆ ಶತ್ರುವಾದ ತೇವವೇ ಅದಕ್ಕೆ ಪ್ರಾಣ. ಈ ಬಯಲುಸೀಮೆಯಲ್ಲಿ, ಅಡಿಕೆಯ ಚೀಲಗಳ ಪಕ್ಕದಲ್ಲಿ ಎರಡು ಬೇಸಗೆಗಳನ್ನು ಕಳೆದುದು ಇನ್ನೇನಾದೀತು?

ನಿಜವನ್ನು ಹೇಳಿಬಿಟ್ಟೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿನ್ನೆ ನಿಮ್ಮ ಮುಖ ನೋಡಿದಾಗಲೇ ಗೊತ್ತಾಯಿತು, ಮೇಷ್ಟ್ರೇ. ನೀವೇ ಚೆನ್ನಾಗಿದೆ ಅಂದಮೇಲೆ ನಾನು ಏನು ಹೇಳಲಿ!” ಎಂದು ನಕ್ಕನು.

ಹೊರಡುವಾಗ ತಾಂಬೂಲದ ತಟ್ಟೆ ಬಂದಿತು. ಹೊಗೆಸೊಪ್ಪಿನಂತೆ ಅಡಿಕೆಯೂ ಅರ್ಬುದರೋಗಕ್ಕೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು 2004ರಲ್ಲಿಯೇ ಪ್ರಕಟಿಸಿರುವರು. ಅವನ ಅನ್ನವೇ ಅದರಲ್ಲಿರುವಾಗ ಈ ಮಾತನ್ನಾಡಲು ನಾಲಿಗೆ ಹಿಂಜರಿಯಿತು. ಆದರೂ ಹಿಂದಿನ ದಿನದ ಸುಳ್ಳು ನೆನಪಾಗಿ ಅದನ್ನೂ ಹೇಳಿದೆವು. “ಗೊತ್ತು ಮೇಷ್ಟ್ರೇ, ನಾನೂ ಹಾಕೋದಿಲ್ಲ” ಎಂದು ಅವನು ಮೆಲ್ಲನೆ ಉತ್ತರಕೊಟ್ಟನು. ಮರ್ಯಾದೆಗೆ ವೀಳ್ಯದೆಲೆಯನ್ನು ಮಾತ್ರ ತೆಗೆದುಕೊಂಡು, ಉಳಿದರ್ಧ ಚುಟ್ಟವನ್ನು ಅಲ್ಲಿಯೇ ಬಿಟ್ಟು ಬಂದೆವು. ಬರಿದಾದ ಪೆಟ್ಟಿಗೆಯು ಈಗ ನಮ್ಮ ಮೇಜಿನ ಮೇಲಿರುವುದು. ಅದರಲ್ಲಿ ಕನ್ನಡಕವನ್ನು ಇಡುತ್ತಿರುವೆವು.